ಬಿಳಿ ಗರಿಯ ಗಿಡುಗ

ಜ್ಯೋತಿಲಕ್ಷ್ಮಿ ಆ ಗಿಡುಗದ ಚಿತ್ರವನ್ನು ಮೊದಲು ತೋರಿಸಿದ್ದು ಹೇಮಾವತಿಗೆ. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಸ್ಕೂಟಿಯಲ್ಲಿ ನ್ಯಾಮತಿಯ ಅವರ ಮನೆಗೆ ಬಂದವಳು, ಸರ್, ಎಂದರೆ ಹೇಮಾವತಿಯ ಗಂಡ ರುದ್ರಮುನಿ, ಸ್ನಾನಕ್ಕೆ ಹೋಗಿದ್ದಾರೆಂದು ತಿಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹೇಮಾವತಿ ರೊಟ್ಟಿ ತಟ್ಟುತ್ತಿದ್ದಳು, ಕೈಯೆಲ್ಲ ಹಿಟ್ಟಾಗಿತ್ತು. ಹಾಗಾಗಿ ಹುಡುಗಿ ತಾನೇ ನೋಟ್‌ಬುಕ್ ಬಿಡಿಸಿ ಅವಳ ಮುಖದ ಮುಂದೆ ಹಿಡಿದಳು.

ಪೆನ್ಸಿಲ್ಲಿನಲ್ಲಿ ಬರೆದು ಬಣ್ಣ ತುಂಬಿದ ಚಿತ್ರ. ಪುಟದ ತುಂಬ ರೆಕ್ಕೆ ಬಿಚ್ಚಿದ ಒಂದು ಸಣ್ಣ ಗಿಡುಗ, ಕೆಳಗಿನಿಂದ ನೋಡಿದಂತೆ. ರೆಕ್ಕೆಯ ಒಳಮೈ ಅಚ್ಚ ಬಿಳಿ, ಒಂದು ಪಟ್ಟೆಯೂ ಇಲ್ಲ. ತುದಿ ಮಾತ್ರ ಮಸಿಯಲ್ಲಿ ಅದ್ದಿ ತೆಗೆದ ಹಾಗೆ ಕಪ್ಪು. ಎದೆಗೆ ತೆಳು ಕಿತ್ತಳೆ ಬಣ್ಣ, ಕೊಕ್ಕಿನ ಬುಡದಲ್ಲಿ ಗಾಢ ಕಿತ್ತಳೆ. ಎಡ ರೆಕ್ಕೆಯ ಕಪ್ಪಿನ ನಡುವೆ ಒಂದೇ ಒಂದು ಗರಿ ಬಿಳಿ. ಅದಕ್ಕೆ ಬಾಣದ ಗುರುತು ಹಾಕಿ, 'ತುದಿಯಿಂದ ಮೂರನೆಯದು, ಮೂರು ದಿನವೂ ಕಂಡಿತು' ಎಂದು ಬರೆದಿದ್ದಳು.

ಹೇಮಾವತಿ ಹಕ್ಕಿ ನೋಡುವವಳಲ್ಲ. ಆದರೆ ಮೂವತ್ತು ವರ್ಷ ಗಂಡನ ಟಿಪ್ಪಣಿಗಳನ್ನು ನೀಟಾಗಿ ನಕಲು ಮಾಡಿಕೊಟ್ಟವಳು. ರುದ್ರಮುನಿಯವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಸಣ್ಣ ಗಿಡುಗಕ್ಕೆ ಬಿಜ್ಜು ಅನ್ನುತ್ತಾರೆ, ಅದರ ರೆಕ್ಕೆಯ ಒಳಮೈಯಲ್ಲಿ ಸಣ್ಣ ಪಟ್ಟೆಗಳಿರುತ್ತವೆ, ಗಂಟಲಿನ ನಡುವೆ ಒಂದು ಬೂದು ಗೆರೆ ಇರುತ್ತದೆ ಎಂಬುದನ್ನು ಅವಳು ನೂರು ಸಲವಾದರೂ ಬರೆದಿದ್ದಳು. ಈ ಚಿತ್ರದಲ್ಲಿ ಪಟ್ಟೆಯೂ ಇರಲಿಲ್ಲ, ಗೆರೆಯೂ ಇರಲಿಲ್ಲ.

"ಇದು ಬಿಜ್ಜು ಅಲ್ಲ ಕಣೆ" ಎಂದಳು.

ಹುಡುಗಿಯ ಮುಖ ಅರಳಿತು. "ಚೀನಾ ಗಿಡುಗ ಅಮ್ಮಾ. ದೂರದೇಶದ್ದು. ಚಳಿಗಾಲದಾಗೆ ದಾರಿ ತಪ್ಪಿ ಬಂದೈತೆ ಅನ್ನಿಸ್ತೈತೆ. ಸರ್ ನೋಡ್ಲಿ ಅಂತ ಯಾರಿಗೂ ಹೇಳಿಲ್ಲ."

ಹುಡುಗಿ ಎಂದರೂ ಅವಳಿಗೆ ಇಪ್ಪತ್ತೊಂಬತ್ತು. ಗೋವಿನಕೋವಿಯವಳು. ತಾಯಿ ಉಡಚಮ್ಮ ಈಗಲೂ ಕಳೆ ಕೀಳಲು ಕೂಲಿಗೆ ಹೋಗುತ್ತಾಳೆ. ಹೊನ್ನಾಳಿಯ ಪಿಯು ಕಾಲೇಜಿನಲ್ಲಿ ರುದ್ರಮುನಿಯವರ ಹತ್ತಿರ ಜೀವಶಾಸ್ತ್ರ ಓದಿದವಳು, ಈಗ ಸವಳಂಗದ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಲೈಬ್ರರಿ ಮುಚ್ಚಿದ ಮೇಲೆ ನೇರ ಕೆರೆ ಏರಿಗೆ. ನಿವೃತ್ತರಾದಾಗ ರುದ್ರಮುನಿಯವರೇ ಅವಳಿಗೆ ತಮ್ಮ ಹಳೆಯ ದುರ್ಬೀನು ಕೊಟ್ಟಿದ್ದರು. ಬಂದವರಿಗೆಲ್ಲ ನನ್ನ ಶಿಷ್ಯೆ ಎಂದು ಪರಿಚಯಿಸುತ್ತಿದ್ದರು. ಮನೆಗೆ ಬಂದರೆ ಅಡುಗೆಮನೆಯವರೆಗೂ ಕರೆಯುತ್ತಿದ್ದರು. ಅವಳು ಚಹಾ ಕುಡಿದ ಲೋಟವನ್ನು ಹೇಮಾವತಿ ಬೇರೆ ಇಡುತ್ತಿರಲಿಲ್ಲ. ತೊಳೆಯುವಾಗ ಒಂದು ಸಲ ಜಾಸ್ತಿ ತೊಳೆಯುತ್ತಿದ್ದಳು, ಅಷ್ಟೇ.

ರುದ್ರಮುನಿ ಟವೆಲ್ ಹೊದ್ದು ಬಂದವರು ಚಿತ್ರವನ್ನು ಕೈಗೆ ತೆಗೆದುಕೊಂಡರು. ತುಂಬ ಹೊತ್ತು ನೋಡಿದರು. ತಲೆಯಿಂದ ಒಂದು ಹನಿ ನೀರು ಪುಟದ ಮೇಲೆ ಬಿದ್ದು ಕಿತ್ತಳೆ ಬಣ್ಣ ಹರಡಿತು. ಆಮೇಲೆ ನೋಟ್‌ಬುಕ್ ಮುಚ್ಚಿ, ಬಿಜ್ಜು, ಎಂದರು. ಪಟ್ಟೆ ಇರಲಿಲ್ಲವಲ್ಲ ಸರ್ ಎಂದು ಅವಳು ಮೆಲ್ಲಗೆ ಕೇಳಿದಳು. ಎದುರು ಬಿಸಿಲಿಗೆ ಪಟ್ಟೆ ಕಾಣುವುದಿಲ್ಲ, ಇಷ್ಟು ವರ್ಷ ಏನು ಕಲಿತೆ ಎಂದರು. ಫೋಟೋ ಎಲ್ಲಿ ಎಂದು ಕೇಳಿದರು. ಅವಳ ಮೊಬೈಲಿನಲ್ಲಿ ಆಕಾಶವೂ ಒಂದು ಚುಕ್ಕೆಯೂ ಇದ್ದವು. ರುದ್ರಮುನಿ ನಕ್ಕರು.

ಅವಳು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅದೇ ಸಂಜೆ ಗಿಡುಗ ಮತ್ತೆ ಕಂಡಿತು. ಅವಳು ಚಿತ್ರವನ್ನೂ, ನೋಡಿದ ದಿನ, ಹೊತ್ತು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಎಂಬುದೆಲ್ಲವನ್ನೂ ಜಿಲ್ಲೆಯ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಇನ್ನೂರಕ್ಕೂ ಹೆಚ್ಚು ಜನ ಇರುವ ಗುಂಪು. ಅಲ್ಲಿ ರುದ್ರಮುನಿಯವರ ಮಾತೇ ಕಡೆಯ ಮಾತು. ಅವರು ಊಟ ಮುಗಿಸಿ, ಹಲ್ಲುಕಡ್ಡಿ ಹಿಡಿದು, ಗಂಟಲು ಸರಿಮಾಡಿಕೊಂಡು ಧ್ವನಿ ಸಂದೇಶ ಕಳಿಸಿದರು: "ಸವಳಂಗದ ಲೈಬ್ರರಿಯವರು ಬಿಜ್ಜುವಿಗೆ ಪಾಸ್‌ಪೋರ್ಟ್ ಮಾಡಿಸಿದ್ದಾರೆ. ಎಲ್ಲರೂ ಅಭಿನಂದಿಸ್ರಪ್ಪ."

ನಗುವ ಮುಖಗಳು ಸಾಲುಗಟ್ಟಿದವು. ಎದುರಿಗೆ ತಟ್ಟೆ ಎತ್ತುತ್ತಿದ್ದ ಹೇಮಾವತಿಗೆ ಆ ವಾಕ್ಯ ಹೊಸದಾಗಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ರುದ್ರಮುನಿ ಇಂಥದ್ದೇ ಗಿಡುಗವನ್ನು ಕಂಡೆನೆಂದು ಮೈಸೂರಿನ ದೊಡ್ಡ ವಿದ್ವಾಂಸರೊಬ್ಬರಿಗೆ ಬರೆದಿದ್ದರು. ಅವರು ಒಂದು ಸಭೆಯಲ್ಲಿ ಆ ಪತ್ರವನ್ನು ಎಲ್ಲರೆದುರು ಓದಿ, ಹೊನ್ನಾಳಿ ಮೇಷ್ಟ್ರು ಬಿಜ್ಜುವಿಗೆ ಪಾಸ್‌ಪೋರ್ಟ್ ಮಾಡಿಸಿದ್ದಾರೆ ಅಂದಿದ್ದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅವತ್ತು ಮನೆಗೆ ಬಂದ ರುದ್ರಮುನಿ ಎರಡು ದಿನ ಯಾರೊಂದಿಗೂ ಮಾತಾಡಿರಲಿಲ್ಲ. ಅಂಥ ಮಾತನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡು ಬೇರೆಯವರ ಮೇಲೆ ಎಸೆಯಬಹುದೆಂದು ಹೇಮಾವತಿಗೆ ಗೊತ್ತಿರಲಿಲ್ಲ.

ವಾರದೊಳಗೆ ಸವಳಂಗದ ಬಸ್‌ಸ್ಟ್ಯಾಂಡಿನಲ್ಲೂ ಜ್ಯೋತಿಲಕ್ಷ್ಮಿ ಚೀನಾ ಮೇಡಂ ಆದಳು. ಪೇಪರ್ ಓದಲು ಬರುವವರು ಚೀನಾ ಪೇಪರ್ ಬಂತೇನ್ರಿ ಎಂದು ಕೇಳುತ್ತಿದ್ದರಂತೆ. ಅವಳು ಇದನ್ನು ಫೋನಿನಲ್ಲಿ ಹೇಮಾವತಿಗೆ ನಗುತ್ತಲೇ ಹೇಳಿದಳು. ಹೇಮಾವತಿಗೆ ಅವಳು ಎಲ್ಲವನ್ನೂ ಹೇಳುತ್ತಿದ್ದಳು. ಗಂಡ ಮದುವೆಯಾದ ಎರಡನೇ ವರ್ಷಕ್ಕೆ ಬಿಟ್ಟುಹೋದದ್ದು, ಆಮೇಲೆ ನಿದ್ದೆ ಬಾರದೆ, ಊಟ ಸೇರದೆ ಶಿವಮೊಗ್ಗದ ಡಾಕ್ಟರ ಹತ್ತಿರ ಹೋದದ್ದು, ಇನ್ನೂ ದಿನಕ್ಕೊಂದು ಮಾತ್ರೆ ನುಂಗುತ್ತಿರುವುದು. ಅವ್ವನಿಗೂ ಗೊತ್ತಿಲ್ಲ, ನಿಮಗೊಬ್ಬರಿಗೇ ಹೇಳಿದ್ದೀನಿ ಎಂದಿದ್ದಳು, ಹೋದ ವರ್ಷ, ಇದೇ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ. ಅಂದು ಸಂಜೆ ಊಟಕ್ಕೆ ಬಡಿಸುವಾಗ ಹೇಮಾವತಿ ಅದನ್ನು ಗಂಡನಿಗೆ ಹೇಳಿದ್ದಳು. ಬೇರೆ ಯಾವ ಉದ್ದೇಶವೂ ಇರಲಿಲ್ಲ. ಆ ದಿನ ಹೇಳಲು ಬೇರೆ ಸುದ್ದಿ ಇರಲಿಲ್ಲ.

ಫೆಬ್ರವರಿ ಮೊದಲ ವಾರ ರುದ್ರಮುನಿ ತಾವಾಗಿಯೇ, ನಿನ್ನ ತವರಿಗೆ ಹೋಗಿ ಎರಡು ದಿನ ಇದ್ದು ಬರೋಣ ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಬಂದಿರದ ಮಾತು. ಹೇಮಾವತಿಯ ಅಣ್ಣ ಪಂಚಾಕ್ಷರಪ್ಪನ ಹೊಲ, ಮನೆ ಸವಳಂಗ ಕೆರೆಯ ಹಿಂದೆ ಒಂದು ಕಿಲೋಮೀಟರಿನಲ್ಲಿ. ಅವಳು ಸಂತೋಷದಿಂದ ಚಕ್ಕುಲಿ ಮಾಡಿಕೊಂಡು ಹೊರಟಳು. ಅಲ್ಲಿಗೆ ಹೋದ ಮಾರನೆಯ ಬೆಳಿಗ್ಗೆ ಅವರು ದುರ್ಬೀನು ಹಿಡಿದು ಮೀನಿನ ಹೊಂಡದ ಕಡೆ ನಡೆದಾಗಲೇ ಅವಳಿಗೆ ಅರ್ಥವಾದದ್ದು. ಆ ಗಿಡುಗ ಕಪ್ಪೆ ಹಿಡಿಯುತ್ತದೆಂದು ಜ್ಯೋತಿಲಕ್ಷ್ಮಿ ಬರೆದಿದ್ದಳು. ಹೊಂಡದ ಸುತ್ತ ಕಪ್ಪೆಗಳು ಬೇಕಾದಷ್ಟು.

ಮೀನು ತಿನ್ನುವ ಹಕ್ಕಿಗಳು ಇಳಿಯದಂತೆ ಪಂಚಾಕ್ಷರಪ್ಪ ಹೊಂಡದ ಮೇಲೆ ನೈಲಾನ್ ಬಲೆ ಬಿಗಿಸಿದ್ದ. ಅವನು ಹೊನ್ನಾಳಿಗೆ ಹೋಗಿದ್ದ. ಅತ್ತಿಗೆ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದಳು. ಚಹಾದ ಫ್ಲಾಸ್ಕ್ ಹಿಡಿದು ಗಂಡನ ಹಿಂದೆ ಹೋದ ಹೇಮಾವತಿಗೆ ಮೊದಲು ಕಂಡದ್ದು ಬಲೆಯ ಮೂಲೆಯಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಒಂದು ಬೂದು ವಸ್ತು. ಅದು ಒಮ್ಮೆ ಪಟಪಟ ಬಡಿದುಕೊಂಡಿತು.

ರುದ್ರಮುನಿ ಬಲೆಯ ದಾರಗಳನ್ನು ಒಂದೊಂದಾಗಿ ಬಿಡಿಸಿದರು. ಅಷ್ಟು ನಾಜೂಕಾಗಿ ಅವರು ಏನನ್ನಾದರೂ ಮಾಡಿದ್ದನ್ನು ಹೇಮಾವತಿ ಕಂಡಿರಲಿಲ್ಲ. ಗಿಡುಗ ಅವರ ಅಂಗೈಯಲ್ಲಿ ಮಲಗಿತು. ಎಡ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿದರು. ಅಚ್ಚ ಬಿಳಿ, ತುದಿ ಕಪ್ಪು, ಕಪ್ಪಿನಲ್ಲಿ ಮೂರನೆಯ ಗರಿ ಬಿಳಿ. ನೋಟ್‌ಬುಕ್ಕಿನಿಂದ ಎದ್ದು ಬಂದ ಹಾಗಿತ್ತು.

"ಹೇಮಾ, ನೋಡೇ" ಎಂದರು. ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅವರ ಧ್ವನಿ ಹೀಗೆ ನಡುಗಿತ್ತು.

"ಜ್ಯೋತಿಗೆ ಫೋನ್ ಮಾಡ್ಲೇನ್ರಿ? ಲೈಬ್ರರಿಯಿಂದ ಹತ್ತು ನಿಮಿಷಕ್ಕೆ ಬರ್ತಾಳೆ."

ಅವರು ಎರಡು ಬೆರಳಿನಲ್ಲಿ ಬಿಳಿ ಗರಿಯ ಬುಡ ಹಿಡಿದು ಎಳೆದರು. ಗಿಡುಗ ಕಿರುಚಿತು. ಗರಿ ಒಂದೇ ಸಲಕ್ಕೆ ಬರಲಿಲ್ಲ, ಎರಡನೇ ಸಲ ತಿರುಚಿ ಎಳೆಯಬೇಕಾಯಿತು. ಬುಡದಲ್ಲಿ ಸಾಸಿವೆಯಷ್ಟು ರಕ್ತವಿತ್ತು. ಗರಿಯನ್ನು ಹೊಂಡಕ್ಕೆ ಎಸೆದು, ಮೊಬೈಲ್ ತೆಗಿ ಎಂದರು. ಹಿಂದೆ ಬಲೆ ಕಾಣಬಾರದು, ಅಡಿಕೆ ಮರ ಕಾಣಬಾರದು, ಬರೀ ಆಕಾಶ ಬರಬೇಕು ಎಂದು ಹೇಳಿ ಕೈ ಮೇಲೆತ್ತಿ ಹಿಡಿದರು. ಹೇಮಾವತಿ ನಾಲ್ಕು ಫೋಟೋ ತೆಗೆದಳು. ಕೈ ಅಲ್ಲಾಡಬಾರದೆಂದು ಉಸಿರು ಹಿಡಿದು ತೆಗೆದಳು.

"ಈಗ ಬಿಟ್ಟುಬಿಡ್ರಿ."

"ಬಿಟ್ರೆ ಮತ್ತೆ ಕೆರೆಗೇ ಹೋಗ್ತೈತೆ" ಎಂದರು ರುದ್ರಮುನಿ. ಅವರ ಹೆಬ್ಬೆರಳು ಹಕ್ಕಿಯ ರೆಕ್ಕೆಯ ಕೆಳಗೆ, ಎದೆಯ ಪಕ್ಕಕ್ಕೆ ಸರಿಯಿತು. ಇನ್ನೊಂದು ಬದಿಯಿಂದ ತೋರುಬೆರಳು. ಒತ್ತಿದರು. ಹೊರಗೆ ಏನೂ ಕಾಣುವಂತಿರಲಿಲ್ಲ, ಹಕ್ಕಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದಾರೆ ಅನ್ನಬೇಕು, ಅಷ್ಟೇ. ಗಿಡುಗದ ಬಾಯಿ ತೆರೆಯಿತು. ಕಾಲಿನ ಉಗುರುಗಳು ಅವರ ಅಂಗಿಯ ತೋಳನ್ನು ಹಿಡಿದುಕೊಂಡವು. ಆಮೇಲೆ ಕಣ್ಣಿನ ಕೆಳಗಿನ ರೆಪ್ಪೆ ನಿಧಾನವಾಗಿ ಮೇಲಕ್ಕೆ ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ. ಅವರ ಮಣಿಕಟ್ಟು ಹಿಡಿಯಬೇಕೆಂದು ಹೇಮಾವತಿಗೆ ಅನ್ನಿಸಿತ್ತು, ನಿಜ. ಒಂದು ಕೈಯಲ್ಲಿ ಮೊಬೈಲ್ ಇತ್ತು, ಇನ್ನೊಂದರಲ್ಲಿ ಫ್ಲಾಸ್ಕ್. ಎರಡನ್ನೂ ಕೆಳಗಿಡಬಹುದಾಗಿತ್ತು.

ಮೂರನೇ ದಿನ ಗುಂಪಿನಲ್ಲಿ ಫೋಟೋ ಬಂತು. ಜಗಳೂರಿನ ಕುರುಚಲು ಕಾಡಿನಂಚಿನಲ್ಲಿ, ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡಿದ್ದ ಚೀನಾ ಗಿಡುಗವನ್ನು ಬಿಡಿಸಿ, ಪರೀಕ್ಷಿಸಿ, ಹಾರಿಬಿಡಲಾಯಿತು ಎಂದು ರುದ್ರಮುನಿ ಬರೆದಿದ್ದರು. ಜಗಳೂರು ಎಂದರೆ ಸವಳಂಗದಿಂದ ನೂರು ಕಿಲೋಮೀಟರಿಗೂ ಮೇಲೆ. ಹಾಗಾಗಿ ಸವಳಂಗದ್ದು ಬಿಜ್ಜುವಾಗಿಯೇ ಉಳಿಯಿತು. ಅಭಿನಂದನೆಗಳು ಮೂರು ದಿನ ಬಂದವು. ಮೈಸೂರಿನ ಆ ವಿದ್ವಾಂಸರು ತೀರಿಕೊಂಡಿದ್ದರು. ಅವರ ಶಿಷ್ಯರೊಬ್ಬರು ಫೋನ್ ಮಾಡಿ ಹೊಗಳಿದರು. ಸತ್ತ ಹಕ್ಕಿ ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ, ತೆಂಗಿನ ತುರಿಯ ಡಬ್ಬಿಯ ಹಿಂದೆ ಇತ್ತು. ಎಸೆಯಿರಿ ಎಂದು ಹೇಮಾವತಿ ಒಮ್ಮೆ ಹೇಳಿದ್ದಳು. ಮೂವತ್ತು ವರ್ಷದ ಆಸೆ ಅದು, ಎಸೆಯೋಕೆ ಆಗಲ್ಲ ಎಂದಿದ್ದರು.

ಮಾರ್ಚಿನಲ್ಲಿ ಚನ್ನಗಿರಿಯಲ್ಲಿ ಸನ್ಮಾನ. ವೇದಿಕೆಯ ಹಿಂದೆ ಬ್ಯಾನರ್, ಬ್ಯಾನರಿನಲ್ಲಿ ಆಳೆತ್ತರಕ್ಕೆ ಹಿಗ್ಗಿಸಿದ ಅದೇ ಫೋಟೋ. ಹೇಮಾವತಿ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಶಾಲು, ಹಾರ, ಹಣ್ಣಿನ ಬುಟ್ಟಿ ಆದ ಮೇಲೆ ಯಾರಾದರೂ ಪ್ರಶ್ನೆ ಕೇಳಬಹುದು ಎಂದು ನಿರೂಪಕ ಹೇಳಿದ. ಹಿಂದಿನಿಂದ ಒಂದು ಧ್ವನಿ ಬಂತು. ತಿರುಗಿ ನೋಡದೆಯೇ ಹೇಮಾವತಿಗೆ ಗೊತ್ತಾಯಿತು.

"ಸರ್, ಫೋಟೋದಾಗೆ ಎಡ ರೆಕ್ಕೇಲಿ ತುದಿಯಿಂದ ಮೂರನೇ ಗರಿ ಇಲ್ಲ. ಹಕ್ಕಿ ಗರಿ ಉದುರಿಸಿದ್ರೆ ಎರಡೂ ರೆಕ್ಕೇಲಿ ಜೋಡಿಯಾಗಿ ಉದುರ್ತಾವೆ ಅಂತ ನೀವೇ ಕಲ್ಸಿದ್ರಿ. ಬಲ ರೆಕ್ಕೇಲಿ ಎಲ್ಲಾ ಗರಿ ಐತೆ. ನಾನು ಸವಳಂಗದಾಗೆ ನೋಡಿದ ಗಿಡುಗಕ್ಕೆ ಅದೇ ಮೂರನೇ ಗರಿ ಬಿಳೀದಿತ್ತು." ಅವಳು ನೋಟ್‌ಬುಕ್ ಎತ್ತಿ ಹಿಡಿದಿದ್ದಳು. "ಆ ಗರಿ ಏನಾಯ್ತು ಸರ್?"

ಸಭೆ ಬ್ಯಾನರಿನ ಕಡೆ ನೋಡಿತು. ಕಪ್ಪು ತುದಿಯ ನಡುವೆ ಸಂದು ಕಾಣುತ್ತಿತ್ತು. ಅಷ್ಟು ದೊಡ್ಡದು ಮಾಡಿ ಹಾಕಿದ್ದರಿಂದ ಕುರುಡನಿಗೂ ಕಾಣುವಂತಿತ್ತು.

ರುದ್ರಮುನಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಪಾಠ ಮಾಡುವ ಮೃದು ಧ್ವನಿಯಲ್ಲೇ ಹೇಳಿದರು: "ಈಕೆ ನನ್ನ ಶಿಷ್ಯೆ, ಮಗಳಿದ್ದಂಗೆ. ಗಂಡ ಬಿಟ್ಟ ಮೇಲೆ ಪಾಪ, ಮನಸ್ಸು ಸ್ಥಿಮಿತದಾಗೆ ಇಲ್ಲ. ಶಿವಮೊಗ್ಗದ ಡಾಕ್ಟರ ಮಾತ್ರೆ ನಡೀತಾ ಐತೆ. ಇಲ್ಲದ್ದು ಕಾಣೋದು ಆ ಕಾಯಿಲೆಯ ಗುಣ. ದಯವಿಟ್ಟು ಯಾರೂ ನಗಬಾರದು. ಕೂತ್ಕೋ ಮಗಳೇ."

ಯಾರೂ ನಗಲಿಲ್ಲ. ನಕ್ಕಿದ್ದರೆ ಪರವಾಗಿರಲಿಲ್ಲ. ಹೆಂಗಸರು ಲೊಚಗುಟ್ಟಿದರು. ಪಕ್ಕದ ಕುರ್ಚಿಯವನು ಸ್ವಲ್ಪ ದೂರ ಸರಿದು ಕೂತ. ಆಗ ಹೇಮಾವತಿ ತಿರುಗಿದಳು. ಜ್ಯೋತಿಲಕ್ಷ್ಮಿ ವೇದಿಕೆಯನ್ನು ನೋಡುತ್ತಿರಲಿಲ್ಲ, ಹೇಮಾವತಿಯನ್ನೇ ನೋಡುತ್ತಿದ್ದಳು. ನೋಟ್‌ಬುಕ್ ಇನ್ನೂ ಮೇಲೇ ಇತ್ತು, ಕೈ ಇಳಿಸುವುದು ಮರೆತುಹೋದ ಹಾಗೆ. ಆಮೇಲೆ ಕೂತಳು. ವಂದನಾರ್ಪಣೆಯ ಹೊತ್ತಿಗೆ ಆ ಕುರ್ಚಿ ಖಾಲಿಯಾಗಿತ್ತು.

ನಾಲ್ಕು ದಿನ ಬಿಟ್ಟು ರುದ್ರಮುನಿ ಬೆಂಗಳೂರಿನಿಂದ ಬಂದ ಇಬ್ಬರಿಗೆ ಗಿಡುಗ ಸಿಕ್ಕ ಜಾಗ ತೋರಿಸಲು ಜಗಳೂರಿಗೆ ಹೋದರು. ಅವರ ಕಾರು ತಿರುವು ದಾಟಿದ ಮೇಲೆ ಹೇಮಾವತಿ ಪೇಪರಿನ ಗಂಟನ್ನು ಐಸ್ ಪೆಟ್ಟಿಗೆಯಿಂದ ತೆಗೆದು, ಊಟದ ಬ್ಯಾಗಿಗೆ ಹಾಕಿಕೊಂಡು ಸವಳಂಗದ ಬಸ್ ಹತ್ತಿದಳು. ಲೈಬ್ರರಿಯಲ್ಲಿ ಒಬ್ಬ ಮುದುಕ ಪೇಪರಿನ ಮೇಲೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದ. ಜ್ಯೋತಿಲಕ್ಷ್ಮಿ ಎದ್ದು ನಿಂತು ಕುರ್ಚಿ ಕೊಟ್ಟಳು. ಮುಖದಲ್ಲಿ ಏನೂ ಇರಲಿಲ್ಲ.

ಹೇಮಾವತಿ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಹೊಂಡ, ಬಲೆ, ಗರಿ ಕಿತ್ತದ್ದು, ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿದಳು. ಫೋಟೋ ತೆಗೆದದ್ದು ತಾನೇ ಎಂದೂ ಹೇಳಿದಳು. ಹುಡುಗಿ ಹಕ್ಕಿಯ ರೆಕ್ಕೆಯನ್ನು ಬಿಡಿಸಿ ಬೆರಳಿನಲ್ಲಿ ಗರಿಗಳನ್ನು ಎಣಿಸಿದಳು. ಒಂದು, ಎರಡು. ಮೂರನೆಯ ಜಾಗದಲ್ಲಿ ಬೆರಳು ನಿಂತಿತು. ಎದೆಯನ್ನು ಸವರಿದಳು. ಅಲ್ಲಿ ಒಳಗಿನ ಸಣ್ಣ ಎಲುಬು ಮುರಿದದ್ದು ಅವಳ ಬೆರಳಿಗೆ ತಿಳಿದಿರಬೇಕು.

"ಇದನ್ನ ತಗೊಂಡು ನಾನೇನ್ ಮಾಡ್ಲಿ ಅಮ್ಮಾ?" ಎಂದಳು. "ನನ್ನ ಕೈಯಾಗೆ ಸತ್ತ ಗಿಡುಗ ಕಂಡ್ರೆ ನಾನೇ ಕೊಂದೆ ಅಂತಾರೆ. ಫಾರೆಸ್ಟ್‌ನೋರು ನಮ್ಮ ಕೇರಿಗೆ ಬರ್ತಾರೆ. ಅವ್ವನ್ನ ಜೀಪ್ ಹತ್ತಿಸ್ತಾರೆ."

"ನಾನು ಸಾಕ್ಷಿ ಹೇಳ್ತೀನಿ."

"ಹೇಳ್ತೀರಾ?"

ಹೇಮಾವತಿ ಬಾಯಿ ತೆರೆದಳು. ಮಗಳ ಅತ್ತೆ ಮನೆ, ಅಣ್ಣನ ಬಲೆ, ಗಂಡನ ವಯಸ್ಸು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಜ್ಯೋತಿಲಕ್ಷ್ಮಿ ಹೆಚ್ಚು ಹೊತ್ತು ಕಾಯಲಿಲ್ಲ. ಹಕ್ಕಿಯನ್ನು ಮತ್ತೆ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಬ್ಯಾಗಿನಲ್ಲಿಟ್ಟಳು. "ಮಾತ್ರೆ ವಿಷ್ಯ ನಿಮಗೊಬ್ಬರಿಗೇ ಹೇಳಿದ್ದೆ" ಎಂದಳು. "ಸರ್ ಮಾಡಿದ್ದು ನನಗೆ ಅರ್ಥ ಆಗ್ತೈತೆ. ಅವರಿಗೆ ಗಿಡುಗ ಬೇಕಿತ್ತು. ನಿಮಗೇನ್ ಬೇಕಿತ್ತು ಅಮ್ಮಾ?" ಹನ್ನೆರಡೂವರೆ ಬಸ್ ಬರುವ ಹೊತ್ತಾಯಿತು ಎಂದು ಬಾಗಿಲವರೆಗೆ ಬಂದು ಕಳಿಸಿದಳು.

ಬಸ್ಸಿನಲ್ಲಿ ಉಳಿದ ಐಸೂ ಕರಗಿತು. ಬ್ಯಾಗಿನ ತಳದಿಂದ ನೀರು ತೊಟ್ಟಿಕ್ಕಿ ಸೀರೆ ಒದ್ದೆಯಾಯಿತು. ಪಕ್ಕದಲ್ಲಿ ಕೂತವಳು, ಮೊಸರು ಚೆಲ್ಲೈತೆ ನೋಡ್ರಿ ಎಂದಳು. ಮನೆಗೆ ಬಂದರೆ ರುದ್ರಮುನಿ ಆಗಲೇ ಬಂದು ಕೂತಿದ್ದರು. ಬೆಂಗಳೂರಿನವರಿಗೆ ದಾರಿಯಲ್ಲೇ ಯಾವುದೋ ಫೋನ್ ಬಂದು ಅರ್ಧಕ್ಕೇ ವಾಪಸಾಗಿದ್ದರು. ಫ್ರಿಜ್ಜಿನ ಬಾಗಿಲು ಹಾಗೇ ತೆರೆದಿತ್ತು. ಅವರು ಗಂಟನ್ನು ಕಿತ್ತುಕೊಂಡು ಬಿಚ್ಚಿದರು. ಚರ್ಮ ಮೆತ್ತಗಾಗಿತ್ತು, ಹೊಟ್ಟೆಯ ಗರಿ ಕೈಗೆ ಬಂದವು, ವಾಸನೆ ಹೊಡೆಯಿತು. ಹಾಳು ಮಾಡಿದೆ, ಹಾಳು ಮಾಡಿದೆ ಎಂದು ಅವರು ಅಳುವವರಂತೆ ಹೇಳಿದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದು ಅವರಿಗೆ ಆಮೇಲೆ ನೆನಪಾಯಿತು. ಅವಳು ಹೇಳಿದಳು.

"ಏನಂದ್ಲು?"

"ತಗೊಳ್ಳಾಕೆ ಒಲ್ಲೆ ಅಂದ್ಲು."

ರುದ್ರಮುನಿ ಒಂದು ಕ್ಷಣ ಯೋಚಿಸಿದರು. ಮುಖ ಸಡಿಲವಾಯಿತು. "ಜಾಣೆ" ಎಂದರು. ಹಕ್ಕಿಯನ್ನು ಹಿತ್ತಿಲ ಗುಂಡಿಗೆ ಎಸೆದು, ಕೈಗೆ ಎರಡು ಸಲ ಸೋಪು ಹಾಕಿ ತೊಳೆದು, ಊಟಕ್ಕೆ ಕೂತರು. ಹೇಮಾವತಿ ಬಡಿಸಿದಳು. ಹಿತ್ತಿಲಲ್ಲಿ ಕಾಗೆಗಳು ಜಗಳಾಡುವುದು ಕೇಳುತ್ತಿತ್ತು.

ಜೂನಿನಲ್ಲಿ ತವರಿಗೆ ಹೋದಾಗ ಅಣ್ಣ ಮಾತಿನ ನಡುವೆ ಜ್ಯೋತಿಯ ಸುದ್ದಿ ಹೇಳಿದ. ಮಕ್ಕಳು ಮರಿ ಬರುವ ಲೈಬ್ರರಿಯಲ್ಲಿ ತಲೆ ಸರಿಯಿಲ್ಲದವಳನ್ನು ಇಟ್ಟುಕೊಂಡಿದ್ದಾರೆಂದು ಯಾರೋ ಪಂಚಾಯ್ತಿಗೆ ಅರ್ಜಿ ಕೊಟ್ಟರಂತೆ. ಡಾಕ್ಟರ ಸರ್ಟಿಫಿಕೇಟ್ ತಾ ಎಂದರಂತೆ. ಅವಳು ತರಲಿಲ್ಲ, ಬೀಗದ ಕೈ ಮೇಜಿನ ಮೇಲಿಟ್ಟು ಹೋದಳಂತೆ. ಈಗ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ.

ಅಣ್ಣನ ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುವ ಹೆಂಗಸರ ನಡುವೆ ಉಡಚಮ್ಮ ಇದ್ದಳು. ಹೇಮಾವತಿ ಬದುವಿನ ಮೇಲೆ ನಿಂತು ಜ್ಯೋತಿಯ ಹೊಸ ನಂಬರ್ ಕೇಳಿದಳು. ಉಡಚಮ್ಮ ಸೆರಗಿಗೆ ಕೈ ಒರೆಸಿಕೊಂಡು, ರವಿಕೆಯೊಳಗಿನ ಚೀಟಿ ತೆಗೆದು ಕೊಟ್ಟಳು. "ಮಾತಾಡ್ರವ್ವ" ಎಂದಳು. "ಯಾರ ಜತಿಗೂ ಮಾತೇ ಆಡಲ್ಲ ಈಗ. ನೀವು ಅಂದ್ರೆ ಅವಳಿಗೆ ಪ್ರಾಣ."

ಹೇಮಾವತಿ ಅಣ್ಣನ ಮೊಬೈಲಿನಿಂದ ಫೋನ್ ಮಾಡಿದಳು. ನಾಲ್ಕು ಸಲ ರಿಂಗ್ ಆಯಿತು. ಹಿಂದೆ ಗಿರಾಕಿಗಳ ಗದ್ದಲ, ಯಾರೋ ಬಾರ್ಡರ್ ದೊಡ್ಡದು ತೋರಿಸಿ ಎನ್ನುತ್ತಿದ್ದರು.

"ಹಲೋ, ಯಾರು ಬೇಕಿತ್ರಿ?" ಎಂದಿತು ಜ್ಯೋತಿಲಕ್ಷ್ಮಿಯ ಧ್ವನಿ.

"ರಾಂಗ್ ನಂಬರ್" ಎಂದು ಹೇಮಾವತಿ ಕಟ್ ಮಾಡಿದಳು. ಸಿಕ್ಕಳಾ ಎಂದು ಅಣ್ಣ ಬದುವಿನ ಆ ತುದಿಯಿಂದ ಕೇಳಿದ. ಇಲ್ಲ, ಎತ್ತಲಿಲ್ಲ ಎಂದಳು. ಉಡಚಮ್ಮ ಹೊಲದಿಂದ ಇತ್ತ ಕಡೆಯೇ ನೋಡುತ್ತಿದ್ದಳು. ಹೇಮಾವತಿ ಅವಳಿಗೂ ಕೈ ಅಲ್ಲಾಡಿಸಿ ಇಲ್ಲ ಎಂದಳು.